ತುಂಬಿದ ಹೊಟ್ಟೆ, ಬಡವಾದ ರಕ್ತ

ಹಸಿವು ಎಂದೊಡನೆ ನಮ್ಮ ಕಣ್ಣಮುಂದೆ ಬರಿದಾದ ತಟ್ಟೆಯೊಂದು ಬಂದು ನಿಲ್ಲುತ್ತದೆ. ಆದರೆ ವಾಚಕರೇ, ತುಂಬಿದ ತಟ್ಟೆಯ ಮುಂದೆ ಕುಳಿತೂ ಹಸಿದಿರುವ ಮನೆಗಳು ನಮ್ಮ ನಡುವೆ ಇವೆ. ಭದ್ರೆಯ ನಾಲೆ ಹರಿದು ಭತ್ತದ ಕಣಜವೆನಿಸಿದ ದಾವಣಗೆರೆ-ಹರಿಹರಗಳ ಸೀಮೆಯಲ್ಲಿಯೇ ಇವೆ. "ಹೊಟ್ಟೆ ತುಂಬಿತಲ್ಲ, ಇನ್ನೇನು ಬೇಕು?" ಎಂಬುದೇ ನಮ್ಮ ಆರೋಗ್ಯಶಾಸ್ತ್ರದ ಮೊದಲ ಮತ್ತು ಕಡೆಯ ಸೂತ್ರವಾಗಿ ಹೋಗಿದೆ. ಈ ಸೂತ್ರವು ಶುದ್ಧ ಸುಳ್ಳೆಂದು ಹೇಳುವುದಕ್ಕಾಗಿಯೇ ಈ ಲೇಖನ.

ಸುಳ್ಳೆಂಬುದಕ್ಕೆ ಸಾಕ್ಷಿ ಬೇಕೆ? 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿರಿ. ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆ; ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ವಯಸ್ಸಿಗೆ ತಕ್ಕಂತೆ ಬೆಳೆದಿಲ್ಲ. 2015-16ರ ಸಮೀಕ್ಷೆಗಿಂತ ರಕ್ತಹೀನತೆಯು ಇಳಿದಿಲ್ಲ, ಏರಿದೆ. 1965ರಿಂದಲೇ ವೈದ್ಯಕೀಯ ಕಾಲೇಜನ್ನು ಹೊಂದಿರುವ ವಿದ್ಯಾನಗರಿಯೆಂದು ಬೀಗುವ ನಾವು ಈ ಅಂಕಿಗಳ ಮುಂದೆ ತಲೆ ತಗ್ಗಿಸಬೇಕಾಗಿದೆ. ರಕ್ತಹೀನತೆಯೆಂದರೆ ಕೇವಲ ಮೈ ಬಿಳಿಚುವುದಲ್ಲ. ಮೆಟ್ಟಿಲೇರಿದರೆ ಏದುಸಿರು, ಪಾಠದಲ್ಲಿ ನಿಲ್ಲದ ಮನಸ್ಸು, ಹೆರಿಗೆಯಲ್ಲಿ ತಾಯಿಯ ಪ್ರಾಣಕ್ಕೇ ಸಂಚಕಾರ!

ಈ ದುರ್ಗತಿ ಬಡತನದಿಂದ ಮಾತ್ರ ಬಂದುದೆನ್ನುವವರು ತಮ್ಮ ಅಡಿಗೆಮನೆಯನ್ನು ಒಮ್ಮೆ ಇಣುಕಿ ನೋಡಲಿ. ನಮ್ಮ ಹಿರಿಯರು ಜೋಳದ ರೊಟ್ಟಿ, ರಾಗಿಮುದ್ದೆ, ನವಣೆ ಅನ್ನಗಳಲ್ಲಿ ಬೆಳೆದವರು. ನೀರಾವರಿ ಬಂದಿತು, ಭತ್ತ ಬಂದಿತು, ಅದು ತಪ್ಪಲ್ಲ. ಆದರೆ ಬಿಳಿಯ ಅನ್ನವು ಅಂತಸ್ತಿನ ಗುರುತಾಯಿತು. ಮುದ್ದೆ-ರೊಟ್ಟಿಗಳು ಬಡವರ ಊಟವೆನಿಸಿ ಮೂಲೆಗೆ ಸರಿದವು. ಅಕ್ಕಿ ಮಲ್ಲಿಗೆಯಂತೆ ಬಿಳುಪಾಗಬೇಕೆಂದು ಗಿರಣಿಯವನಿಗೆ ತಾಕೀತು ಮಾಡುತ್ತೇವೆ. ಆ ಬಿಳುಪಿಗಾಗಿ ಉಜ್ಜಿ ತೆಗೆದ ತೌಡಿನಲ್ಲಿಯೇ ಬಿ ಜೀವಸತ್ವಗಳೂ ಕಬ್ಬಿಣವೂ ಇದ್ದವು. ಸತ್ತ್ವವು ದನದ ಬಾನಿಗೆ, ಪಿಷ್ಟವು ಮನುಷ್ಯನ ತಟ್ಟೆಗೆ! ಪಾಲಿಶ್ ಅಕ್ಕಿಯನ್ನೇ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನು 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ವೈದ್ಯರು ಕಂಡರು. ಬೆರಿಬೆರಿ ರೋಗದ ಗುಟ್ಟು ಬಯಲಾಗಲು ಅದು ದಾರಿಯಾಯಿತು. 1929ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಸಂದಿತು. ಶತಮಾನ ಕಳೆದರೂ ನಮಗೆ ಮಾತ್ರ ಬಿಳುಪಿನ ವ್ಯಾಮೋಹ ಹೋಗಿಲ್ಲ. ಗಿರಣಿಯಲ್ಲಿ ಕಳೆದುದನ್ನು ಕಾರ್ಖಾನೆಯಲ್ಲಿ ಮರಳಿ ಕೂಡಿಸಲೆಂದು, ಕಬ್ಬಿಣ ಮತ್ತು ಜೀವಸತ್ವ ಬೆರೆಸಿದ ಅಕ್ಕಿಯನ್ನು ಪಡಿತರದಲ್ಲಿ ಕೊಡುವ ಯೋಜನೆಯನ್ನು 2021ರಲ್ಲಿ ಸರಕಾರವು ಘೋಷಿಸಬೇಕಾಯಿತು. ಆ ಕಾಳುಗಳನ್ನೂ "ಪ್ಲಾಸ್ಟಿಕ್ ಅಕ್ಕಿ" ಎಂದು ಆರಿಸಿ ಎಸೆದವರುಂಟು!

100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮಿಗಿಲಾದ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. ಹಾಗೆಂದು ಒಂದೇ ಧಾನ್ಯವನ್ನು ಅಮೃತವೆಂದು ಸಾರುವವರ ಮಾತನ್ನೂ ನಂಬಬೇಡಿರಿ. ಜೋಳವೊಂದನ್ನೇ ಉಂಡು ಬದುಕಿದ ದಖ್ಖಣದ ಬಡವರಲ್ಲಿ ಚರ್ಮ ಸುಲಿಯುವ ಪೆಲಾಗ್ರ ರೋಗವಿದ್ದುದನ್ನು 1960ರ ಸುಮಾರಿಗೆ ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮೊದಲಾದವರು ಅಭ್ಯಸಿಸಿದರು. ಧಾನ್ಯ, ಬೇಳೆ, ಸೊಪ್ಪು, ಹಾಲು ಕೂಡಿದಾಗಲೇ ಅದು ಊಟ. ಒಂದೇ ಆದರೆ ಅದು ಹೊಟ್ಟೆಗೆ ತುಂಬಿದ ಭಾರ.

ಇನ್ನು ನಮ್ಮ ಊರಿನ ಹೆಮ್ಮೆಗಳ ಮಾತು. ಬೆಣ್ಣೆದೋಸೆಯನ್ನೂ ಮಂಡಕ್ಕಿ-ಮೆಣಸಿನಕಾಯಿಯನ್ನೂ ನಿಂದಿಸಿದರೆ ದಾವಣಗೆರೆಯವರು ಸುಮ್ಮನಿರಲಾರರು. ನಿಂದಿಸುವುದು ನಮ್ಮ ಉದ್ದೇಶವೂ ಅಲ್ಲ. 1928ರ ಸುಮಾರಿಗೆ ಚೆನ್ನಮ್ಮನೆಂಬ ತಾಯಿ ಇಲ್ಲಿ ದೋಸೆ ಹುಯ್ಯತೊಡಗಿದಾಗ ಅದು ರಾಗಿಹಿಟ್ಟಿನದಾಗಿತ್ತೆಂದೂ, ಅಕ್ಕಿಯದು ಅನಂತರ ಬಂದುದೆಂದೂ ಊರಿನವರು ಹೇಳುತ್ತಾರೆ. ಹೆಸರು ಉಳಿಯಿತು, ರಾಗಿ ಹೋಯಿತು! ನಮ್ಮ ಆಕ್ಷೇಪಣೆಯಿರುವುದು ತಿಂಡಿಯ ಮೇಲಲ್ಲ. ತಿಂಡಿಯನ್ನು ಊಟದ ಪೀಠದಲ್ಲಿ ಕೂರಿಸಿದುದರ ಮೇಲೆ. ಶಾಲೆಯಿಂದ ಬಂದ ಮಗುವಿಗೆ ಒಂದು ಹಿಡಿ ಮಂಡಕ್ಕಿ, ಎರಡು ಮಿರ್ಚಿ, ಒಂದು ಲೋಟ ಚಹ. ಇದರಲ್ಲಿ ಬೆಳೆಯುವ ದೇಹಕ್ಕೆ ದೊರೆತುದೇನು? ಮಂಡಕ್ಕಿಗೆ ಮೊಳಕೆಕಾಳು, ಹುರಿದ ಶೇಂಗಾ, ಕೊತ್ತಂಬರಿ, ನಿಂಬೆರಸ ಬೆರೆಸಲು ಯಾರ ಅಪ್ಪಣೆ ಬೇಕು? ಚಹದಲ್ಲಿರುವ ಒಗರು ಸೊಪ್ಪು-ಕಾಳುಗಳ ಕಬ್ಬಿಣವನ್ನು ದೇಹಕ್ಕೆ ದಕ್ಕದಂತೆ ತಡೆಯುತ್ತದೆ. ನಿಂಬೆಯ ಹುಳಿ ಅದನ್ನು ದಕ್ಕಿಸುತ್ತದೆ. ಊಟಕ್ಕೂ ಚಹಕ್ಕೂ ಒಂದು ತಾಸಿನ ಅಂತರವಿಡಲು ಕಾಸು ಖರ್ಚಿಲ್ಲ.

ನಾವು ಶಾಕಾಹಾರಿಗಳೆಂಬ ಅಭಿಮಾನ ನಮಗಿದೆ, ಇರಲಿ. ಆದರೆ ಅಭಿಮಾನವು ಪೋಷಕಾಂಶವಲ್ಲ! ಬಿ-12 ಎಂಬ ಜೀವಸತ್ವವು ಧಾನ್ಯದಲ್ಲಾಗಲಿ, ಬೇಳೆಯಲ್ಲಾಗಲಿ, ಸೊಪ್ಪಿನಲ್ಲಾಗಲಿ ಇಲ್ಲ. ಶಾಕಾಹಾರಿಗೆ ಅದು ಮುಖ್ಯವಾಗಿ ಹಾಲು-ಮೊಸರುಗಳಿಂದ ದೊರೆಯಬೇಕು. ಅದು ಕೊರೆಯಾದರೆ ಕೈಕಾಲು ಜುಮುಗುಟ್ಟುತ್ತವೆ, ಮರೆವು ಮುಸುಕುತ್ತದೆ, ರಕ್ತ ಕೆಡುತ್ತದೆ. ಕೊರತೆಯುಳ್ಳ ತಾಯಿಯ ಹಾಲನ್ನೇ ನಂಬಿದ ಶಿಶುವಿಗೆ ಕಲಿತ ನಗೆಯೂ ಮರೆತು, ಮೈ ನಡುಗುವ ರೋಗ ಬರುವುದುಂಟು. ಹೀಗಿದ್ದೂ ಹರಿಹರದ ಸುತ್ತಣ ಹಳ್ಳಿಗಳಲ್ಲಿ ನಡೆಯುವುದೇನು? ಕರೆದ ಹಾಲೆಲ್ಲ ಡೈರಿಗೆ. ಮನೆಗೆ ಉಳಿಯುವುದು ಚಹಕ್ಕೆ ಬೇಕಾದಷ್ಟು. ಹಾಲು ಮಾರಿ ಟಾನಿಕ್ ಕೊಳ್ಳುವ ಈ ವ್ಯಾಪಾರವನ್ನು ಯಾವ ಜಾಣನು ಒಪ್ಪುವನು?

ಎಲ್ಲಕ್ಕೂ ಮಿಗಿಲಾದ ಅನ್ಯಾಯ ಪಂಕ್ತಿಯಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ ದಿನಕ್ಕೆ ಗಂಡಸಿಗೆ 19 ಮಿಲಿಗ್ರಾಂ, ಹೆಂಗಸಿಗೆ 29 ಮಿಲಿಗ್ರಾಂ ಕಬ್ಬಿಣ ಬೇಕು. ಹೆಚ್ಚು ಬೇಕಾದವಳು ಕಡೆಯಲ್ಲಿ ಉಣ್ಣುತ್ತಾಳೆ! ಪಲ್ಯ ಮುಗಿದಿರುತ್ತದೆ, ಕಾಳು ತಳ ಕಂಡಿರುತ್ತದೆ, ಅವಳ ಪಾಲಿಗೆ ತಂಗಳನ್ನ, ತಿಳಿಸಾರು. ಇದನ್ನು ತ್ಯಾಗವೆಂದು ಹೊಗಳುವುದನ್ನು ದಯಮಾಡಿ ನಿಲ್ಲಿಸೋಣ. ಹೆಣ್ಣಿಗೂ ಗಂಡಿಗೂ ಸಮಾನ ಸ್ಥಾನವನ್ನಿತ್ತ ಶರಣರ ಹೆಸರು ಹೇಳುವ ಮನೆಯಲ್ಲಿ ಗೃಹಿಣಿಯು ಕಡೆಯ ಪಂಕ್ತಿಯವಳಾಗಿರುವುದು ಯಾವ ಧರ್ಮ? ಆರೋಗ್ಯ ಕೇಂದ್ರದಿಂದ ಕೊಟ್ಟ ಕಬ್ಬಿಣದ ಗುಳಿಗೆಯನ್ನು ಗೂಡಿನಲ್ಲಿ ಮರೆತಿಡುವ ಬಸುರಿಯರನ್ನು ಎಚ್ಚರಿಸುವುದೂ ಮನೆಯ ಗಂಡಸರ ಹೊಣೆಯೇ. ತೀವ್ರ ಕೊರತೆಗೆ ವೈದ್ಯರ ಚಿಕಿತ್ಸೆ ಬೇಕು. ಊಟವು ಔಷಧವನ್ನು ಬೇಡವಾಗಿಸುವುದಿಲ್ಲ.

"ಸಿರಿಧಾನ್ಯ ದುಬಾರಿ, ಹಣ್ಣು ದುಬಾರಿ" ಎಂಬ ಆಕ್ಷೇಪಣೆ ಬರುವುದನ್ನು ಬಲ್ಲೆವು. ದುಬಾರಿಯಾದುದು ಬೇಡವೇ ಬೇಡ. ಹಿತ್ತಿಲ ನುಗ್ಗೆಸೊಪ್ಪು, ಹೊಲದ ಬದುವಿನ ಸೊಪ್ಪುಗಳು, ನೆನೆಸಿ ಕಟ್ಟಿದ ಹೆಸರುಕಾಳು, ಪರಂಗಿಹಣ್ಣು, ಗುರೆಳ್ಳು ಚಟ್ನಿ: ಇವು ಸಂತೆಯ ಬಿಸ್ಕತ್ತಿನ ಪೊಟ್ಟಣಕ್ಕಿಂತ ದುಬಾರಿಯೆ? ಜಗತ್ತೇ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಅವುಗಳನ್ನು ಬೆಳೆದ ನಾಡಿನವರೇ ಅವನ್ನು ನಾಚಿಕೆಯಿಂದ ಕಾಣುವುದು ಸಲ್ಲದು.

ಕಡೆಯದಾಗಿ ದಾಸೋಹದ ಮಾತು. ಜಾತ್ರೆಯಲ್ಲಿ, ಗೃಹಪ್ರವೇಶದಲ್ಲಿ, ಮಠದ ಪ್ರಸಾದನಿಲಯದಲ್ಲಿ ಎಷ್ಟು ಮಂದಿಗೆ ಬಡಿಸಿದೆವೆಂದು ಲೆಕ್ಕವಿಡುತ್ತೇವೆ. ಏನನ್ನು ಬಡಿಸಿದೆವೆಂದು ಕೇಳಿಕೊಳ್ಳುವುದಿಲ್ಲ. ಬಿಳಿಯ ಅನ್ನದ ಗುಡ್ಡೆಯ ಪಕ್ಕದಲ್ಲಿ ಒಂದು ಸೌಟು ಕಾಳಿನ ಪಲ್ಯ, ಒಂದು ಹಿಡಿ ಸೊಪ್ಪು, ಒಂದು ಲೋಟ ಮಜ್ಜಿಗೆ ಇಡುವಂತೆ ದಾನಿಗಳಾದ ನೀವೇ ಒತ್ತಾಯಿಸಿರಿ. ಅಕ್ಕಿಮೂಟೆ ಕಳಿಸುವವರು ಜೊತೆಗೊಂದು ಚೀಲ ಹೆಸರುಕಾಳನ್ನೂ ಕಳಿಸಿರಿ. ದೇಹವನ್ನೇ ದೇಗುಲವೆಂದು ಬಗೆದ ಪರಂಪರೆಗೆ ಸೇರಿದವರು ಆ ದೇಗುಲದ ಗೋಡೆ ಕುಸಿಯುತ್ತಿರುವಾಗ ಕಳಸಕ್ಕೆ ಬಣ್ಣ ಬಳಿಯುತ್ತ ಕೂರಬಾರದು. ಇಂದಿನ ರಾತ್ರಿಯ ಪಂಕ್ತಿಯಿಂದಲೇ ತೊಡಗಿರಿ: ತಾಯಿಯನ್ನೂ ಸೊಸೆಯನ್ನೂ ಮಗಳನ್ನೂ ನಿಮ್ಮೊಡನೆ ಕೂರಿಸಿಕೊಂಡು ಉಣ್ಣಿರಿ.