ನೆರೆ ಇಳಿದ ಮೇಲಿನ ವಿದ್ಯೆ

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 2024ರ ಜನವರಿಯಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಪಡೆದ ಸುದ್ದಿಯನ್ನು ಮಲಪ್ರಭೆಯ ದಂಡೆಯ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಹಲವರು ಕರಾವಳಿಯವರ ಸಮಾಚಾರವೆಂದು ಓದಿ ಪುಟ ತಿರುವಿರಬಹುದು. ಹಾಗೆ ತಿರುವಿಬಿಡುವ ಸುದ್ದಿ ಅದಲ್ಲವೆಂದು ನಾವು ಭಾವಿಸುತ್ತೇವೆ. ಎರಡು ಶತಮಾನಗಳ ಹಿಂದೆ ಮನೆ, ಹೊಲ, ದೇವಾಲಯಗಳನ್ನೆಲ್ಲ ಕಳೆದುಕೊಂಡ ಒಂದು ಸಮುದಾಯ ಮತ್ತೆ ತಲೆಯೆತ್ತಲು ಮಾಡಿದ ಪ್ರಯತ್ನದ ಫಲ ಆ ವಿದ್ಯಾಲಯ. ನವಿಲುತೀರ್ಥದ ಅಣೆಕಟ್ಟಿನ ಮೇಲೆ ಮುಳುಗಡೆಯನ್ನೂ ಕೆಳಗೆ ನೆರೆಯನ್ನೂ ಕಂಡಿರುವ ನಮಗೆ ಆ ಇತಿಹಾಸದಿಂದ ಕೇಳಿ ತಿಳಿಯಬೇಕಾದ ಸಂಗತಿಗಳಿವೆ.

1784ರಲ್ಲಿ, ವಿಭೂತಿ ಬುಧವಾರದ ದಿನವೆಂದು ಪರಂಪರೆ ಸ್ಮರಿಸುತ್ತದೆ, ಕೆನರಾದ ಕ್ರೈಸ್ತರನ್ನು ಟಿಪ್ಪೂ ಸುಲ್ತಾನನ ಆಜ್ಞೆಯಂತೆ ಸೆರೆಹಿಡಿದು ಘಟ್ಟದ ದಾರಿಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಸೆರೆಯಾದವರ ಸಂಖ್ಯೆಯ ವಿಷಯದಲ್ಲಿ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಹತ್ತಾರು ಸಾವಿರವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ದೇವಾಲಯಗಳು ನೆಲಸಮವಾದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಳಿದುಳಿದವರು ಊರಿಗೆ ಮರಳಿದರು. ಈ ಮಾತನ್ನು ನಾವು ಎತ್ತುತ್ತಿರುವುದು ಯಾರ ಮೇಲೂ ಹಗೆ ಸಾಧಿಸಲಿಕ್ಕಲ್ಲ. ಹಳೆಯ ಗಾಯವನ್ನು ಕೆದಕಿ ಇಂದಿನ ನೆರೆಯವರೊಡನೆ ಜಗಳ ಹೂಡುವ ಚಾಳಿ ನಮ್ಮ ನಾಡಿನಲ್ಲಿ ಬೇಕಾದಷ್ಟಿದೆ. ಅದಕ್ಕೆ ಈ ಅಂಕಣದಲ್ಲಿ ಎಡೆಯಿಲ್ಲ. ಮರಳಿ ಬಂದವರು ಮುಂದೆ ಏನು ಮಾಡಿದರು ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಅವರು ಮೊದಲು ಮನೆ ಕಟ್ಟಿದರು, ಹೊಲ ಉತ್ತರು, ದೇವಾಲಯಗಳನ್ನು ಮತ್ತೆ ಎಬ್ಬಿಸಿದರು. ಉಚ್ಚ ಶಿಕ್ಷಣದ ಸರದಿ ಬರುವಷ್ಟರಲ್ಲಿ ಎಂಬತ್ತೊಂದು ವರ್ಷ ಕಳೆದಿತ್ತು. ಅಷ್ಟರೊಳಗೆ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಶಾಲೆ ತೆರೆದರು, ಮುದ್ರಣಾಲಯ ಸ್ಥಾಪಿಸಿದರು, 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯನ್ನೂ ಹೊರಡಿಸಿದರು. ಕಥೋಲಿಕರ ಮಕ್ಕಳಿಗೆ ತಮ್ಮದೇ ಆದ ಕಾಲೇಜಿಲ್ಲವೆಂಬ ಕೊರಗು ಹಿರಿಯರನ್ನು ಕಾಡುತ್ತಿತ್ತು. ಅವರು ರೋಮಿಗೆ ಮನವಿ ಸಲ್ಲಿಸಿದರು. 1878ರಲ್ಲಿ ಜಗದ್ಗುರು 13ನೇ ಲಿಯೋ ಅವರು ಮಂಗಳೂರು ಮಿಶನ್ನನ್ನು ಯೇಸು ಸಭೆಗೆ ಒಪ್ಪಿಸಿದರು. ಅದೇ ವರ್ಷದ ಡಿಸೆಂಬರ್ 31ರಂದು ಗುರುಗಳ ಮೊದಲ ತಂಡ ಮಂಗಳೂರನ್ನು ತಲುಪಿತು. 1880ರ ಜನವರಿ 12ರಂದು, ಅಂದರೆ ಅವರು ಬಂದಿಳಿದು ಒಂದು ವರ್ಷ ಹನ್ನೆರಡು ದಿನಗಳಾಗುವಷ್ಟರಲ್ಲಿ, ಕೊಡಿಯಾಲಬೈಲಿನ ಒಂದು ಮನೆಯಲ್ಲಿ ಕಾಲೇಜು ಆರಂಭವಾಯಿತು. ಸ್ವಂತ ಕಟ್ಟಡವಿರಲಿಲ್ಲ. ಗುಡ್ಡದ ಮೇಲಿನ ಇಂದಿನ ನಿವೇಶನವನ್ನು ದಾನವಾಗಿ ಕೊಟ್ಟವರು ಲಾರೆನ್ಸ್ ಲೋಬೊ ಪ್ರಭು ಮತ್ತು ಅವರ ತಾಯಿಯವರು. ಕಟ್ಟಡ ಸಿದ್ಧವಾಗಿ ತರಗತಿಗಳು ಅಲ್ಲಿಗೆ ಹೋದದ್ದು 1885ರಲ್ಲಿ.

ಇಲ್ಲಿ ಎರಡು ಸಂಗತಿಗಳನ್ನು ವಾಚಕರು ಗಮನಿಸಬೇಕೆಂದು ನಮ್ಮ ಅಪೇಕ್ಷೆ. ಬೇಡಿಕೆ ಇಟ್ಟವರು ಜನರು. ನೆಲ ಕೊಟ್ಟದ್ದೂ ಜನರೊಳಗಿನ ಒಂದು ಮನೆತನ. ಗುರುಗಳು ಬಂದು ಎಲ್ಲವನ್ನೂ ಮಾಡಿಕೊಟ್ಟರೆಂದು ಹೇಳಿಬಿಡುವುದು ಸುಲಭ, ಅದು ಅರ್ಧ ಸತ್ಯ ಮಾತ್ರ. ಇನ್ನು ಹೆಣ್ಣುಮಕ್ಕಳ ಮಾತು: ಅವರಿಗಾಗಿ ಅಪೊಸ್ತಲಿಕ ಕಾರ್ಮೆಲ್ ಸಭೆಯ ಭಗಿನಿಯರು ಸಂತ ಆಗ್ನೆಸ್ ಕಾಲೇಜನ್ನು ತೆರೆದದ್ದು 1921ರಲ್ಲಿ. ಗಂಡುಮಕ್ಕಳಿಗಿಂತ ಇನ್ನೂ ನಲವತ್ತೊಂದು ವರ್ಷ ಅವರು ಕಾಯಬೇಕಾಯಿತು. ವಿಪತ್ತಿನ ನಂತರದ ಸಾಲಿನಲ್ಲಿ ಹೆಣ್ಣುಮಗಳ ಸ್ಥಾನ ಯಾವಾಗಲೂ ಕೊನೆಯದು.

ಇದು ಕರಾವಳಿಯ ಮಾತಾಯಿತು. ನಮ್ಮ ಊರಿನ ಮಾತಿಗೆ ಬರೋಣ. 2009ರಲ್ಲಿ ಒಮ್ಮೆ, 2019ರ ಆಗಸ್ಟಿನಲ್ಲಿ ಇನ್ನೊಮ್ಮೆ ಮಲಪ್ರಭೆ ಉಕ್ಕಿ ಬಂದಳು. 37.73 ಟಿ.ಎಂ.ಸಿ. ನೀರು ಹಿಡಿಯುವ ರೇಣುಕಾ ಸಾಗರ ತುಂಬಿ ನವಿಲುತೀರ್ಥದ ಬಾಗಿಲುಗಳನ್ನು ತೆರೆದಾಗ ಮುನವಳ್ಳಿಯಿಂದ ರಾಮದುರ್ಗದವರೆಗೆ, ಅದರಾಚೆ ಬಾದಾಮಿಯ ಹಳ್ಳಿಗಳವರೆಗೆ ಮಣ್ಣಿನ ಗೋಡೆಗಳು ಕುಸಿದವು. ಸರಕಾರವು ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಅದು ತಕ್ಕ ಕೆಲಸವೇ. ಆದರೆ ತಲಾಠಿಯ ಯಾದಿಯಲ್ಲಿ ಪಿ.ಯು.ಸಿ. ಮುಗಿಸಿ ಕಾಲೇಜು ಬಿಟ್ಟ ಹುಡುಗನಿಗೆ ಯಾವ ವರ್ಗವೂ ಇರಲಿಲ್ಲ. ಎತ್ತು ಕೊಚ್ಚಿಹೋದ ಮನೆಯಲ್ಲಿ ಹಿರಿಯ ಮಗ ಕೂಲಿಗೆ ಹೋಗುತ್ತಾನೆ; ಮಗಳ ಲಗ್ನ ಎರಡು ವರ್ಷ ಮೊದಲೇ ಗೊತ್ತಾಗುತ್ತದೆ. ಮರುವರ್ಷ, 2020ರಲ್ಲಿ, ಕೊರೊನಾ ಬಂದು ಕಾಲೇಜುಗಳ ಬಾಗಿಲನ್ನೇ ಮುಚ್ಚಿತು. ಗೋಡೆ ಮತ್ತೆ ಎದ್ದಿತು, ಓದು ಏಳಲಿಲ್ಲ ಎನ್ನುವಂಥ ಮನೆಗಳು ಯಾವ ಲೆಕ್ಕದಲ್ಲಿಯೂ ಸೇರುವುದಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲದಾಗ ಪದವಿಯ ಮಾತೇಕೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಗಂಜಿ ಕೇಂದ್ರ ಮೊದಲು, ಕಾಲೇಜು ಆಮೇಲೆ ಎಂಬ ಕ್ರಮ ಸಹಜವಾದುದೇ. ಆದರೆ 'ಆಮೇಲೆ' ಎಂಬ ಮಾತು ಎಷ್ಟು ಉದ್ದವಾಗಬಲ್ಲದೆಂಬುದನ್ನು ಮಂಗಳೂರಿನ ಎಂಬತ್ತೊಂದು ವರ್ಷಗಳು ತೋರಿಸಿವೆ. ಇದಕ್ಕೆ ಬೇರೆ ದಾರಿ ಹಿಡಿದವರೂ ಉಂಟು. 2014ರ ಆಗಸ್ಟಿನಲ್ಲಿ ಇರಾಕಿನ ನಿನೆವೆ ಬಯಲಿನಿಂದ ಲಕ್ಷದಷ್ಟು ಕ್ರೈಸ್ತರು ಐಸಿಸ್ ಉಗ್ರರಿಗೆ ಹೆದರಿ ಉಟ್ಟ ಬಟ್ಟೆಯಲ್ಲಿ ಎರ್ಬಿಲ್ ನಗರಕ್ಕೆ ಓಡಿಬಂದರು. ದೇವಾಲಯದ ಅಂಗಳಗಳಲ್ಲಿ ಡೇರೆ ಹಾಕಿದರು. ಅಲ್ಲಿಯ ಕಲ್ದಾಯ ಮಹಾಧರ್ಮಾಧ್ಯಕ್ಷ ಬಶಾರ್ ವಾರ್ದಾ ಅವರು ಒಂದು ಕೈಯಿಂದ ಅನ್ನ, ಔಷಧ, ಆಸರೆ ಒದಗಿಸುತ್ತಲೇ 2015ರ ಡಿಸೆಂಬರಿನಲ್ಲಿ ಎರ್ಬಿಲ್ ಕಥೋಲಿಕ ವಿಶ್ವವಿದ್ಯಾಲಯವನ್ನು ತೆರೆದರು. ನಿರಾಶ್ರಿತರು ತಮ್ಮ ಊರಿಗೆ ಮರಳುವ ಭರವಸೆಯೂ ಇನ್ನೂ ಮೂಡದ ಕಾಲವದು. ಕಲಿತ ಯುವಜನರು ದೇಶ ಬಿಟ್ಟುಹೋದರೆ ಮರಳಿ ಕಟ್ಟುವವರು ಯಾರು ಎಂಬ ಚಿಂತೆ ಡೇರೆಯಷ್ಟೇ ತುರ್ತಿನದೆಂದು ಅವರು ಎಣಿಸಿದರು.

ಅಷ್ಟು ದೂರವೇಕೆ? ಸವದತ್ತಿ ಸೀಮೆಯ ಶಿರಸಂಗಿಯನ್ನೇ ನೋಡಿರಿ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ಲಿಂಗಾಯತ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಮೃತ್ಯುಪತ್ರದಲ್ಲಿ ಬರೆದಿಟ್ಟರು. ಅದರ ನೆರವಿನಿಂದ ಓದಿದವರ ಪರಂಪರೆ ದೊಡ್ಡದು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಹುಟ್ಟುಹಾಕಿದರು, 1933ರಲ್ಲಿ ಆರಂಭವಾದ ಅವರ ಕಾಲೇಜಿಗೆ ಲಿಂಗರಾಜರ ಹೆಸರೇ ಇದೆ. ನಮ್ಮ ನೆರೆಯ ಸಮಾಜ ಹಾಕಿಕೊಟ್ಟ ಈ ಮೇಲ್ಪಂಕ್ತಿಯನ್ನು ಕಥೋಲಿಕರಾದ ನಾವು ಎಷ್ಟು ಓದಿಕೊಂಡಿದ್ದೇವೆ? ಬೆಳಗಾವಿಯ ಸಂತ ಪೌಲರ ಪ್ರೌಢಶಾಲೆ 1856ರಷ್ಟು ಹಳೆಯದು. ಶಾಲೆಗಳ ವಿಷಯದಲ್ಲಿ ನಾವು ಮುಂದಿದ್ದವರು. ಮಗು ಶಾಲೆ ದಾಟಿದ ಮೇಲೆ ಎತ್ತ ಹೋಯಿತೆಂದು ವಿಚಾರಿಸುವ ರೂಢಿಯನ್ನು ಮಾತ್ರ ಬೆಳೆಸಿಕೊಳ್ಳಲಿಲ್ಲ.

ನವಿಲುತೀರ್ಥದಲ್ಲಿ ಒಂದು ಕ್ರೈಸ್ತ ವಿಶ್ವವಿದ್ಯಾಲಯ ಆಗಬೇಕೆಂದು ನಾವು ಕೇಳುತ್ತಿಲ್ಲ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ. ಬೆಳಗಾವಿಯಲ್ಲಿ 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ. ಕಟ್ಟಡಗಳ ಮೋಹ ನಮ್ಮವರಿಗೆ ಹೇಗೂ ಸ್ವಲ್ಪ ಹೆಚ್ಚು, ಅದನ್ನು ಇನ್ನಷ್ಟು ಬೆಳೆಸುವುದು ಬೇಡ. ನಮ್ಮ ಬೇಡಿಕೆ ಬೇರೆ. ಬೆಂಗಳೂರಿನ ಕ್ರೈಸ್ಟ್ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಸಂತ ಜೋಸೆಫರ ವಿಶ್ವವಿದ್ಯಾಲಯವನ್ನು 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಉದ್ಘಾಟಿಸಿದರು. ಈಗ ಮಂಗಳೂರಿನದೂ ಸೇರಿದೆ. ಇವುಗಳ ಹೆಬ್ಬಾಗಿಲು ರಾಮದುರ್ಗದ ಹಳ್ಳಿಯ ಕನ್ನಡ ಮಾಧ್ಯಮದ ಹುಡುಗಿಗೆ ಎಷ್ಟು ತೆರೆದಿದೆ? ಶುಲ್ಕ, ವಸತಿ, ಇಂಗ್ಲಿಷು, ಈ ಮೂರು ಹೊಸ್ತಿಲುಗಳನ್ನು ಅವಳು ಒಬ್ಬಳೇ ದಾಟಲಾರಳು. ನೆರೆ, ಬರಗಳಲ್ಲಿ ಮನೆ ಕಳೆದುಕೊಂಡ ಕುಟುಂಬಗಳ ಮಕ್ಕಳಿಗಾಗಿ, ಜಾತಿ ಮತ ಕೇಳದೆ, ಪ್ರತಿ ಕ್ರೈಸ್ತ ವಿಶ್ವವಿದ್ಯಾಲಯವೂ ಇಂತಿಷ್ಟು ಸ್ಥಾನಗಳನ್ನೂ ವಸತಿಯನ್ನೂ ಕಾಯ್ದಿರಿಸಲಿ. ಮೊದಲ ಆರು ತಿಂಗಳು ಅವರಿಗೆ ಇಂಗ್ಲಿಷನ್ನು ಕನ್ನಡದ ಮೂಲಕ ಕಲಿಸಲಿ. ಬೈಲಹೊಂಗಲ ಸೀಮೆಯ ದೇಶನೂರಿನಲ್ಲಿ ಯೇಸು ಸಭೆಯ ಗುರುಗಳು ಕಾವಿ ಉಟ್ಟು, ಜನರ ನುಡಿಯನ್ನೂ ನಡೆಯನ್ನೂ ತಮ್ಮದಾಗಿಸಿಕೊಂಡು ಬಾಳಿದರಲ್ಲವೆ? ಮಠದಲ್ಲಿ ಸಾಧ್ಯವಾದದ್ದು ವಿಶ್ವವಿದ್ಯಾಲಯದಲ್ಲಿಯೂ ಸಾಧ್ಯವಾಗಬೇಕು.

ಧರ್ಮಕೇಂದ್ರಗಳ ಪಾಲಿಗೂ ಕೆಲಸವಿದೆ. ಹಬ್ಬದ ಪಟಾಕಿ, ಮಂಟಪ, ಊಟಗಳ ಖರ್ಚಿನಿಂದ ಹತ್ತರಲ್ಲೊಂದು ಪಾಲನ್ನು ತೆಗೆದಿಟ್ಟರೂ ಒಂದಿಬ್ಬರ ಬಸ್ಸಿನ ಪಾಸು, ಪುಸ್ತಕ, ಪರೀಕ್ಷಾ ಶುಲ್ಕ ನಡೆಯುತ್ತದೆ. ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದ ವಾರದಲ್ಲಿಯೇ ಧರ್ಮಕೇಂದ್ರದ ಪಾಲನಾ ಸಮಿತಿಯವರು ಮನೆಮನೆಗೆ ಹೋಗಿ, ಯಾರು ಪಾಸಾದರು, ಯಾರು ಎಲ್ಲಿ ಅರ್ಜಿ ಹಾಕಿದರು, ಯಾರು ಹಾಕಲಿಲ್ಲ, ಏಕೆ ಹಾಕಲಿಲ್ಲ ಎಂದು ಬರೆದುಕೊಳ್ಳಲಿ. ಹೆಣ್ಣುಮಕ್ಕಳ ಹೆಸರುಗಳು ಯಾದಿಯ ಮೊದಲಿಗೆ ಬರಲಿ. ಆ ಯಾದಿಯ ಒಂದು ಪ್ರತಿ ಬೆಳಗಾವಿಯ ಧರ್ಮಾಧ್ಯಕ್ಷರ ಕಚೇರಿಗೆ, ಇನ್ನೊಂದು ಮೇಲೆ ಹೇಳಿದ ವಿದ್ಯಾಲಯಗಳ ಕುಲಪತಿಗಳಿಗೆ, ಪ್ರವೇಶದ ಕೊನೆಯ ದಿನಾಂಕಕ್ಕೆ ಮೊದಲೇ ತಲುಪಬೇಕು.