ಮರುಪ್ರಸಾರದ ನಗೆ

ಅನಿರೀಕ್ಷಿತವೇ ಹಾಸ್ಯದ ಜೀವಾಳವೆಂಬ ಮಾತು ಬಹುಕಾಲದಿಂದ ಪ್ರಚಲಿತವಾಗಿದೆ. ಮುಂದಾಗುವುದು ಮೊದಲೇ ತಿಳಿದಿದ್ದರೆ ನಗೆ ಹುಟ್ಟದೆಂಬುದು ಅದರ ತಾತ್ಪರ್ಯ. ಅದು ಪೂರ್ಣ ಸತ್ಯವಾಗಿದ್ದರೆ, ಒಮ್ಮೆ ನೋಡಿದ ಹಾಸ್ಯ ಧಾರಾವಾಹಿಯನ್ನು ಮತ್ತೆ ನೋಡಿ ನಗುವವರು ಇರಬಾರದಿತ್ತು. ಅಂಥವರಾದರೋ ಮನೆಮನೆಯಲ್ಲಿಯೂ ಇದ್ದಾರೆ.

೨೦೨೦ರಲ್ಲಿ ಮಹಾಮಾರಿಯ ಕಾರಣದಿಂದ ದೇಶವೆಲ್ಲ ಮನೆಯೊಳಗೆ ಕುಳಿತಾಗ, ದೂರದರ್ಶನವು ರಾಮಾಯಣ, ಮಹಾಭಾರತಗಳೊಡನೆ ಹಳೆಯ ಹಾಸ್ಯ ಧಾರಾವಾಹಿಗಳನ್ನೂ ಮರಳಿ ಬಿತ್ತರಿಸಿತು. ೧೯೯೪ರಲ್ಲಿ ಆರಂಭವಾಗಿದ್ದ ‘ಶ್ರೀಮಾನ್ ಶ್ರೀಮತಿ’ ಎಂಬ ಹಿಂದೀ ಧಾರಾವಾಹಿ ಅವುಗಳಲ್ಲೊಂದು. ನೆರೆಹೊರೆಯ ಇಬ್ಬರು ಗೃಹಸ್ಥರಿಗೆ ತಮ್ಮ ಮನೆಯಾಕೆಗಿಂತ ಪಕ್ಕದ ಮನೆಯಾಕೆಯಲ್ಲಿಯೇ ಹೆಚ್ಚು ಗುಣ ಕಾಣುವುದು ಅದರ ವಸ್ತು. ಮೊದಲ ಸಲ ನೋಡುವಾಗ ಕೇಶವ ಕುಲಕರ್ಣಿಯ ಹಂಚಿಕೆ ಫಲಿಸೀತೇ ಎಂಬ ಕುತೂಹಲವಿತ್ತು. ಮರುಪ್ರಸಾರದಲ್ಲಿ ಅದು ಕೆಡುವುದೆಂದು ಬಲ್ಲೆವು. ಕೆಟ್ಟಾಗ ಅವನ ಮುಖ ಹೇಗಾಗುವುದೆಂಬುದನ್ನೂ ಬಲ್ಲೆವು. ಆ ಮುಖಕ್ಕಾಗಿಯೇ ಕಾದು ಕುಳಿತು, ಅದು ಬರುವ ಮೊದಲೇ ನಗತೊಡಗುತ್ತೇವೆ. ಕುತೂಹಲವಿದ್ದ ಸ್ಥಾನದಲ್ಲಿ ಪರಿಚಯದ ಸುಖ ಬಂದು ನೆಲೆಸಿರುತ್ತದೆ.

ನಮ್ಮ ರಂಗಭೂಮಿಗೆ ಇದು ಹೊಸದಲ್ಲ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಸಾವಿರಾರು ಪ್ರಯೋಗಗಳನ್ನು ಕಂಡಿತು. ನೋಡಿದವರೇ ಮತ್ತೆ ನೋಡಲು ಹೋದರು. ಆದರೆ ಹಿರಣ್ಣಯ್ಯನವರು ಅಂದಂದಿನ ರಾಜಕಾರಣವನ್ನು ಮಾತಿನಲ್ಲಿ ಬೆರೆಸುತ್ತಿದ್ದುದರಿಂದ ಪ್ರತಿ ಪ್ರಯೋಗದಲ್ಲಿಯೂ ಹೊಸತೊಂದನ್ನು ನಿರೀಕ್ಷಿಸಬಹುದಾಗಿತ್ತು. ಧಾರಾವಾಹಿಗೆ ಆ ಸ್ವಾತಂತ್ರ್ಯವಿಲ್ಲ. ಅದರ ಒಂದು ಅಕ್ಷರವೂ ಬದಲಾಗದು. ಬದಲಾಗಿರುವವರು ನೋಡುವ ನಾವು.

ನಿರಾಶೆಯ ಮೂಲವೂ ಇಲ್ಲಿಯೇ ಇದೆ. ಒಂದೇ ಪೆಟ್ಟಿಗೆಯ ಮುಂದೆ ಮನೆಯವರೂ ನೆರೆಯವರೂ ಕೂಡಿ ನಕ್ಕಿದ್ದ ಸಂಜೆಯನ್ನು ಮರಳಿ ಪಡೆಯಲು ನಾವು ಹಂಬಲಿಸುತ್ತೇವೆ. ಅಂದು ಜೊತೆಗೆ ನಕ್ಕವರಲ್ಲಿ ಕೆಲವರು ಇಂದಿಲ್ಲ. ತೆರೆಯ ಮೇಲೆ ನಗಿಸಿದ ಜತಿನ್ ಕನಕಿಯಾ ೧೯೯೯ರಲ್ಲಿಯೂ, ರೀಮಾ ಲಾಗೂ ೨೦೧೭ರಲ್ಲಿಯೂ ತೀರಿಕೊಂಡರು. ಆ ತಿಳಿವಳಿಕೆ ನಗೆಯೊಡನೆ ಬೆರೆಯದೆ ಇರದು. ಕಳೆದ ಕಾಲವನ್ನು ಮರಳಿ ಕೊಡೆಂದು ಕೇಳಿದರೆ ಯಾವ ಧಾರಾವಾಹಿಯೂ ಕೊಡಲಾರದು. ಆಗ ನಾವು ‘ಹಾಸ್ಯ ಹಳಸಿತು’ ಎಂದು ಅದರ ಮೇಲೆ ತಪ್ಪು ಹೊರಿಸುತ್ತೇವೆ.

ಇನ್ನೊಂದು ಮಾತು ಮನೆಯ ಹಿರಿಯರಿಗೆ. ‘ಈಗ ನೋಡು, ಹೊಟ್ಟೆ ಹುಣ್ಣಾಗುವಂತೆ ನಗು ಬರುತ್ತದೆ’ ಎಂದು ಮೊಮ್ಮಕ್ಕಳಿಗೆ ಮುಂದಾಗಿ ಹೇಳುವ ವಾಡಿಕೆ ಅನೇಕ ಮನೆಗಳಲ್ಲುಂಟು. ಅದನ್ನು ಕೇಳಿದ ಮಗುವಿಗೆ ನಗುವುದೊಂದು ಕರ್ತವ್ಯವಾಗುತ್ತದೆ. ಕರ್ತವ್ಯದ ನಗೆ ತುಟಿಯನ್ನು ದಾಟದು. ಮಗು ನಗದಿದ್ದರೆ ಹಿರಿಯರ ಮನಸ್ಸು ಮುದುಡುತ್ತದೆ. ಪರಸ್ತ್ರೀಯನ್ನು ಕುರಿತ ಆ ಚೇಷ್ಟೆ ಇಂದಿನ ಸೊಸೆಗೆ ರುಚಿಸದೆ ಹೋದರೆ ಅದೂ ಸಹಜವೇ. ನಮ್ಮ ನೆನಪುಗಳ ಭಾರವನ್ನು ಕಿರಿಯರ ಮೇಲೆ ಹೊರಿಸದೆ ಸುಮ್ಮನೆ ಜೊತೆಗೆ ಕುಳಿತುಕೊಳ್ಳೋಣ. ನಾವು ಎಣಿಸದಿದ್ದ ಕಡೆಯಲ್ಲಿ ಮಗು ನಕ್ಕರೆ, ಹಳೆಯ ಧಾರಾವಾಹಿಯಲ್ಲಿ ನಮಗೂ ಹೊಸತೊಂದು ದೊರೆತಂತಾಯಿತು.