ಸತ್ತರೆ 30 ಸಾವಿರ... ಬದುಕಿದರೆ?

ಚರ್ಮಗಂಟು ರೋಗದ ಮಾತು ಬಂದಾಗಲೆಲ್ಲ "ಅದಕ್ಕ ಸರ್ಕಾರ ಪರಿಹಾರ ಕೊಟ್ಟೈತಲ್ಲ ಬಿಡ್ರಿ" ಅನ್ನುವವರು ಒಬ್ಬರಾದರೂ ಸಿಗುತ್ತಾರೆ. ಘೋಷಿಸಿದ್ದು ನಿಜ. 2022ರಲ್ಲಿ ಎತ್ತು ಸತ್ತರೆ 30 ಸಾವಿರ, ಹಸು ಸತ್ತರೆ 20 ಸಾವಿರ, ಕರು ಸತ್ತರೆ 5 ಸಾವಿರ ಅಂತ ನಮ್ಮ ರಾಜ್ಯ ಸರ್ಕಾರ ಹೇಳಿತು. ಸತ್ತರೆ! ಬದುಕಿ ಉಳಿದು, ಬಾತ ಕಾಲು ಊರಲಾಗದೆ ನಿಂತ ಎತ್ತಿಗೆ? ಏನೂ ಇಲ್ಲ. ನನ್ನ ತಕರಾರು ಇರೋದೇ ಇಲ್ಲಿ.

ಪಟ್ಟಣದ ಗೆಳೆಯರಿಗೆ ಸ್ವಲ್ಪ ವಿವರ ಬೇಕಾದೀತು. ಇದು ಕುರಿ-ಮೇಕೆಗಳ ಸಿಡುಬಿನ ವೈರಸ್ಸಿಗೆ ದಾಯಾದಿ. 1929ರಲ್ಲಿ ಈಗಿನ ಜಾಂಬಿಯಾದಲ್ಲಿ ಮೊದಲು ಕಂಡಿತು, ನಮ್ಮ ದೇಶದಲ್ಲಿ 2019ರಲ್ಲಿ ಒಡಿಶಾದಲ್ಲಿ. ಕಚ್ಚುವ ನೊಣ, ಸೊಳ್ಳೆ, ಉಣ್ಣಿ ಇದನ್ನು ಹೊತ್ತು ತಿರುಗುತ್ತವೆ. ಮನುಷ್ಯರಿಗೆ ಬರೋದಿಲ್ಲ. (2022ರ ಸೆಪ್ಟೆಂಬರಿನಲ್ಲಿ ಬಂದ ಚೀತಾಗಳೇ ಈ ರೋಗ ತಂದವು ಅಂತ ಮಹಾರಾಷ್ಟ್ರದ ರಾಜಕಾರಣಿಯೊಬ್ಬರು ಹೇಳಿದ್ದರು. ಮೂರು ವರ್ಷ ಮೊದಲೇ ಬಂದದ್ದನ್ನು ಅವು ಹೆಂಗ ತಂದಾವ್ರೀ!)

ದೇಶದಲ್ಲಿ 2022ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ದನ ಸತ್ತವು. ಆದರೆ ಈ ರೋಗದಲ್ಲಿ ಸಾಮಾನ್ಯವಾಗಿ ನೂರು ದನ ಮಲಗಿದರೆ ಸಾಯುವುದು ಹತ್ತಕ್ಕಿಂತ ಕಡಿಮೆ. ಉಳಿದವು ಏಳುತ್ತವೆ. ಹೇಗೆ ಏಳುತ್ತವೆ ಅಂತ ಯಾರೂ ಕೇಳೋದಿಲ್ಲ. ಹಸುವಿನ ಹಾಲು ಇಳಿದಿರುತ್ತದೆ, ಗಬ್ಬ ಹೋಗಿರುತ್ತದೆ. ಗಂಟು ಒಡೆದಲ್ಲಿ ಕಲೆ ಉಳಿದು ಸಂತೆಯಲ್ಲಿ ಬೆಲೆ ಬೀಳುತ್ತದೆ.

ಎತ್ತಿನ ಕಥೆಯಂತೂ ಇನ್ನೂ ಕಷ್ಟ. ರಾಜ್ಯದಲ್ಲಿ ಆ ವರ್ಷ ರೋಗ ಹಬ್ಬಿದ್ದು ಮಳೆಗಾಲದ ಕೊನೆಗೆ. ನಮ್ಮ ಮುಂಡರಗಿ ಕಡೆ ಎರಿ ಹೊಲಗಳಿಗೆ ಅದೇ ಹಿಂಗಾರಿ ಬಿತ್ತಿಗೆ ಹೊತ್ತು. ಬಿಳಿಜೋಳ, ಕಡಲೆ ಬಿತ್ತಲು ಹದ ಸಿಗೋದು ಕೆಲವೇ ದಿನ. ಕೂರಿಗೆ ಎಳೆಯುವ ಜೋಡಿಯಲ್ಲಿ ಒಂದು ಎತ್ತು ಮಲಗಿದರೆ ಇನ್ನೊಂದೂ ಮಲಗಿದಂತೆಯೇ ಲೆಕ್ಕ, ಒಂಟೆತ್ತಿಗೆ ನೊಗ ಹೂಡೋದು ಹೇಗೆ? ಟ್ರ್ಯಾಕ್ಟರ್ ಬಾಡಿಗೆಗೆ ತರಬೇಕು, ಇಲ್ಲವೇ ಹದ ಕಳಕೊಳ್ಳಬೇಕು. ಎತ್ತು ಸತ್ತಿಲ್ಲವಾದ್ದರಿಂದ ಇದು ಯಾವ ಕಾಗದದಲ್ಲೂ ನಷ್ಟವಲ್ಲ! ಎತ್ತು ಸಾಕಿ ಉಳಿಸಿಕೊಂಡವನಿಗೆ ಇದಾ ಮರ್ಯಾದೆ?

ಸಮುದ್ರದ ಹಸಿರಾಮೆಗಳಿಗೂ ವೈರಸ್ಸಿನಿಂದ ಗಡ್ಡೆ ಬರುತ್ತದೆ. ಅದು ಹರ್ಪಿಸ್ ಜಾತಿಯದು, ಕಣ್ಣೇ ಮುಚ್ಚುವಷ್ಟು ಬೆಳೆಯುತ್ತದೆ. ಅದಕ್ಕೆ ಲಸಿಕೆಯೇ ಇಲ್ಲ. ಅಮೆರಿಕದ ಫ್ಲೋರಿಡಾದಲ್ಲಿರುವ ಆಮೆಗಳ ಆಸ್ಪತ್ರೆಯಲ್ಲಿ ಗಡ್ಡೆ ಕೊಯ್ದು ತೆಗೆಯುತ್ತಾರೆ. ಬೇರೆ ದಾರಿಯಿಲ್ಲ ಅವರಿಗೆ. ನಮಗೆ ಹಾಗಲ್ಲವಲ್ಲ... ಮೇಕೆ ಸಿಡುಬಿನ ಲಸಿಕೆ ಮೊದಲಿನಿಂದ ಇತ್ತು, ಅದನ್ನೇ ದನಗಳಿಗೂ ಚುಚ್ಚಿದರು. ಹಿಸಾರ್ ಮತ್ತು ಇಜ್ಜತ್‌ನಗರದ ನಮ್ಮ ವಿಜ್ಞಾನಿಗಳು ಈ ರೋಗಕ್ಕೆಂದೇ ಮಾಡಿದ ಲಸಿಕೆ 2022ರ ಆಗಸ್ಟಿನಲ್ಲಿ ಬಿಡುಗಡೆಯೂ ಆಯಿತು.

ಆದರೆ ಲಸಿಕೆ ಮೈಗೆ ಹತ್ತಲು ಎರಡು ಮೂರು ವಾರ ಬೇಕು. ಊರಲ್ಲಿ ಗಂಟು ಕಂಡ ಮೇಲೆ ಓಡಿ ಬಂದರೆ ಅಷ್ಟರಲ್ಲಿ ನೊಣ ಊರೆಲ್ಲ ಸುತ್ತಿರುತ್ತದೆ. ಇನ್ನು ವೀಳ್ಯದೆಲೆ, ಕರಿಮೆಣಸು, ಉಪ್ಪು, ಬೆಲ್ಲ ಅರೆದು ತಿನ್ನಿಸಿ ಅಂತ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ಹೇಳಿತ್ತು. ತಿನ್ನಿಸಲಿ, ನನ್ನದೇನೂ ಅಡ್ಡಿಯಿಲ್ಲ. ಅದು ಲಸಿಕೆಯ ಜಾಗಕ್ಕೆ ಮಾತ್ರ ಬರಬಾರದು.

"ಡಾಕ್ಟ್ರು ಎಷ್ಟು ಊರಿಗೆ ಅಂತ ಹೋಗ್ತಾರ?" ಅಂತ ಕೇಳಬಹುದು. ಕಾಲುಬಾಯಿ ಬೇನೆಗೆ ಮನೆಮನೆಗೆ ಬಂದು ಚುಚ್ಚುತ್ತಾರಲ್ಲ, ಅದೇ ದಾರಿ ಇದಕ್ಕೂ ಇದೆ. ಸತ್ತ ದನದ ಜೊತೆ ಮಲಗಿದ ದನವನ್ನೂ ಬರೆದುಕೊಳ್ಳಲಿ, ಹೂಡಲಾಗದೆ ಹೋದ ದಿನಗಳಿಗೂ ಒಂದು ದರ ಕಟ್ಟಲಿ. ಲಸಿಕೆ ಮಾತ್ರ ಮಳೆಗೆ ಮುಂಚೆ, ನೊಣ ಏಳುವ ಮುಂಚೆ ಬರಲಿ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವ ಹೊತ್ತಿಗೆ ಚುಚ್ಚಿ ಮುಗಿದಿರಬೇಕು, ಆಮೇಲೆ ಬಂದರೆ ಯಾಕೆ ಬಂದಿರಿ ಅಂತ ಕೇಳುವವನೇ ನಾನು.